ಎದ್ದು ನಿಲ್ಲುವ ಅಪ್ಪಣೆ

ನಮ್ಮೂರ ಕ್ರೈಸ್ತ ದೇವಾಲಯದ ಬಾಗಿಲ ಬಳಿ, ಒರಟು ಚಪ್ಪಡಿಯೊಂದರ ಮೇಲೆ ಎರಡು ನುಣುಪಾದ ಗುರುತುಗಳಿದ್ದವು. ಬಿಸಿಲು ಬಿದ್ದರೆ ಅವೆರಡೇ ಹೊಳೆಯುತ್ತಿದ್ದವು. ನನ್ನ ಸೋದರತ್ತೆ ಚೌರಮ್ಮನ ಮಂಡಿಗಳು ಸವೆಸಿದ ಕಲ್ಲು ಅದು.

ಭಾನುವಾರದ ಬಲಿಪೂಜೆಯಲ್ಲಿ ಜನರೆಲ್ಲ ಕೂರುವಾಗ ಕೂರುತ್ತಿದ್ದರು, ನಿಲ್ಲುವಾಗ ನಿಲ್ಲುತ್ತಿದ್ದರು. ಅತ್ತೆ ಮಾತ್ರ ಮೊದಲಿನಿಂದ ಕೊನೆಯವರೆಗೂ ಮಂಡಿಯೂರಿಯೇ ಇರುತ್ತಿದ್ದಳು. ತುಟಿಯನ್ನೂ ಬಿಚ್ಚುತ್ತಿರಲಿಲ್ಲ. ಮನೆಯಲ್ಲಿ ರಾಗಿ ಬೀಸುತ್ತ ಯೇಸು ಪಟ್ಟ ಪಾಡಿನ ಪದಗಳನ್ನು ಅವಳು ಹೇಳಿದರೆ ನಾನು ಊಟ ಮರೆತು ಕೇಳುತ್ತಿದ್ದೆ. ನನ್ನ ಭಕ್ತಿ ಮೊಳೆತದ್ದೇ ಆ ಬೀಸುಕಲ್ಲಿನ ಬುಡದಲ್ಲಿ. ಅಂಥ ಕಂಠ ದೇವಾಲಯದ ಹೊಸ್ತಿಲು ದಾಟಿದೊಡನೆ ಮೂಕವಾಗುತ್ತಿತ್ತು. ಏನೋ ಹರಕೆಯಿರಬೇಕೆಂದು ಊರು ತಿಳಿದಿತ್ತು. ನಾನೂ ಹಾಗೆಯೇ ತಿಳಿದಿದ್ದೆ.

"ಏನೇ ಚೌರಿ, ಸ್ವರ್ಗಕ್ಕೂ ಹಿಂಗೇ ಮಂಡಿ ಮೇಲೇ ಹೋಗ್ತೀಯಾ?" ಎಂದು ಪಕ್ಕದ ಮನೆಯ ಇನ್ನಾಸಮ್ಮ ಕೆಣಕುತ್ತಿದ್ದಳು.

"ಅಲ್ಲಿ ಬಾಗಿಲು ಗಿಡ್ಡವಾಗಿದ್ರೆ ನಾನು ಸಲೀಸಾಗಿ ಒಳಗೆ ಹೋಗ್ತೀನಿ ಕಣೇ. ನೀನು ತಲೆ ಜಜ್ಜಿಸ್ಕೋತೀಯ!"

ಆ ವರ್ಷ ಹೊಸ ಗುರುಗಳು ಬಂದಿದ್ದರು. ಯೇಸು ಸಾವಿನಿಂದ ಎದ್ದ ಪಾಸ್ಖ ಹಬ್ಬದ ಬೆಳಿಗ್ಗೆ, ಶುಭಸಂದೇಶದ ಗ್ರಂಥವನ್ನು ಎತ್ತಿ ಹಿಡಿದು ಅವರು ಜನರ ನಡುವೆ ನಡೆದು ಬಂದರು. ಎಲ್ಲರೂ ನಿಂತಿದ್ದರು. ಬಾಗಿಲ ಬಳಿ ಬಂದು ಗುರುಗಳು ಅತ್ತೆಯೆದುರು ತಡೆದು ನಿಂತರು.

"ಏಳಮ್ಮ, ಶುಭಸಂದೇಶ ಓದಬೇಕು."

"ಅಪ್ಪಣೆ ಇಲ್ಲ ಸ್ವಾಮಿ."

"ಯಾರ ಅಪ್ಪಣೆ?"

ಅತ್ತೆ ತಲೆಯೆತ್ತಲಿಲ್ಲ. "ಹಿಂದೆ ಇದ್ದ ದೊಡ್ಡ ಸ್ವಾಮಿಗಳದು. ಉಪವಾಸದ ತಪಸ್ಸುಕಾಲದಲ್ಲಿ ನಾಟಕದ ಕಂಪನೀಲಿ ಹಾಡಿದೆ ಅಂತ ಒಬ್ಬಳನ್ನೇ ಕರೆದು ಶಿಕ್ಷೆ ಕೊಟ್ರು. 'ನಾನು ಏಳು ಅನ್ನೋವರೆಗೂ ಮಂಡಿಯೂರಿರು, ಇಲ್ಲಿ ಬಾಯಿ ಬಿಡಬೇಡ' ಅಂದ್ರು. ಮುಂದಿನ ಭಾನುವಾರದೊಳಗೆ ಅವರೇ ಮಣ್ಣಾದ್ರು. ಇನ್ಯಾರನ್ನ ಕೇಳಲಿ?"

ಹರಕೆಯೆಂದು ನಾವು ಕೈಮುಗಿದದ್ದು ಸತ್ತವರೊಬ್ಬರು ಬಿಡಿಸದೆ ಹೋದ ಕಟ್ಟಾಗಿತ್ತು.

ಗುರುಗಳು ಗ್ರಂಥವನ್ನು ಎದೆಗೊತ್ತಿಕೊಂಡರು. ಹಬ್ಬದ ಬಿಳಿ ನಿಲುವಂಗಿಯಲ್ಲೇ ಅವಳೆದುರು ಮಂಡಿಯೂರಿದರು.

"ಗೋರಿಯಲ್ಲಿದ್ದವನೇ ಇವತ್ತು ಎದ್ದಿದ್ದಾನಮ್ಮ. ಮೊದಮೊದಲ ಕ್ರೈಸ್ತರು ಪಾಸ್ಖ ಕಾಲದಲ್ಲಿ ಮಂಡಿಯೂರ್ತಾನೇ ಇರಲಿಲ್ಲವಂತೆ. ಎದ್ದವನ ಮಕ್ಕಳು ಅಂತ ನಿಂತೇ ಪ್ರಾರ್ಥಿಸ್ತಿದ್ರಂತೆ. ಆ ಅಪ್ಪಣೆ ದೊಡ್ಡ ಸ್ವಾಮಿಗಳದಕ್ಕಿಂತ ದೊಡ್ಡದು. ಏಳಿ. ನೀವು ಏಳೋವರೆಗೂ ನಾನೂ ಏಳಲ್ಲ."

ಅತ್ತೆ ಅಲುಗಲಿಲ್ಲ.

"ಏಳೇ ಚೌರಿ!" ಇನ್ನಾಸಮ್ಮ ಮುಂದೆ ಬಂದು ಕೈ ಚಾಚಿದಳು. "ನಿಂತೂ ನಿಂತೂ ನಮ್ಮ ಕಾಲು ಬಿದ್ದೋಗ್ತಿವೆ!"

ಯಾರೋ ಕಿಸಕ್ಕೆಂದರು. ಆ ನಗು ಹಬ್ಬಿ ಅತ್ತೆಯ ಮುಖವನ್ನೂ ಮುಟ್ಟಿತು. ಒಂದು ಕೈಯನ್ನು ಇನ್ನಾಸಮ್ಮನಿಗೆ ಕೊಟ್ಟಳು, ಇನ್ನೊಂದನ್ನು ನನಗೆ. ಎದ್ದಳು. ಅವಳು ಇಷ್ಟು ಎತ್ತರದ ಹೆಂಗಸೆಂದು ಆ ಛಾವಣಿಯ ಕೆಳಗೆ ನಾನು ಎಂದೂ ಕಂಡಿರಲಿಲ್ಲ.

ಗುರುಗಳೂ ಎದ್ದರು. "ಅಲ್ಲೆಲೂಯ ಯಾರು ಹಾಡ್ತೀರಿ?"

ಎಲ್ಲರೂ ಅವಳತ್ತಲೇ ನೋಡಿದರು. ಪಾಸ್ಖಕ್ಕೆ ಮುಂಚಿನ ನಲವತ್ತು ದಿನಗಳ ತಪಸ್ಸುಕಾಲ ಮುಗಿಯುವವರೆಗೆ ಆ ಸ್ತುತಿಯ ಪದವನ್ನು ಹಾಡದಿರುವುದು ನಮ್ಮ ವಾಡಿಕೆ. ಅತ್ತೆಯ ತಪಸ್ಸುಕಾಲ ಮುಗಿದದ್ದು ಅಂದು. ಮೊದಲ ಸ್ವರ ಬಿರಿಯಿತು, ಎರಡನೆಯದು ನೆಲೆ ಕಂಡಿತು, ಮೂರನೆಯದಕ್ಕೆ ಇಡೀ ಊರು ದನಿಗೂಡಿಸಿತು. ರಸ್ತೆಯಲ್ಲಿ ಹೋಗುತ್ತಿದ್ದವರೂ ನಿಂತು ಕೇಳಿದರು.

ನಾನು ತಲೆ ತಗ್ಗಿಸಿ ನೋಡಿದೆ. ಹೊಳೆಯುವ ಆ ಎರಡು ಗುರುತುಗಳ ಮೇಲೆ, ಬೆರಳುಗಳನ್ನು ಅಗಲಿಸಿ, ಎರಡು ಬರಿಗಾಲುಗಳು ಊರಿ ನಿಂತಿದ್ದವು.