ಕೂರುವ ಸೀನು

ಬಾಗಿಲ ಮೇಲಿನ ಗಂಟೆ ಟಿಣ್ ಅಂದದ್ದೇ ತಡ, ಕುರ್ಚಿಯಲ್ಲಿ ಕೂತಿದ್ದ ಉದ್ದಕ್ಕ ಎದ್ದು ನಿಂತಳು. ನಿಂತದ್ದಷ್ಟೇ ಅಲ್ಲ, ತಲೆಯನ್ನು ಸ್ವಲ್ಪ ಓರೆ ಮಾಡಿ, ಮುಖದ ತುಂಬ ನಗು ತಂದುಕೊಂಡು, "ಬನ್ನಿ, ಏನು ತೋರಿಸ್ಲಿ?" ಎಂದೂ ಕೇಳಿಬಿಟ್ಟಳು.

"ಕಟ್," ಎಂದ ಸಿಡುಕ. ಕೈಯಲ್ಲಿದ್ದ, ಸಿನಿಮಾದ ಮಾತು ಬರೆದುಕೊಂಡ ಬೂಟಿನ ಡಬ್ಬಿಯ ಮುಚ್ಚಳವನ್ನು ತೊಡೆಗೆ ಬಡಿದುಕೊಂಡ. "ಅಕ್ಕಾ, ಒಳಗೆ ಬಂದಿರೋದು ಗಿರಾಕಿ ಅಲ್ಲ, ಯಜಮಾನ. ನೀನು ಏಳಬಾರದು. ಈ ಸಿನಿಮಾದಲ್ಲಿ ಇರೋದೇ ಅಷ್ಟು. ನೀನು ಏಳದೆ ಇರೋದು."

"ಗೊತ್ತು ಕಣೋ."

"ಗೊತ್ತಿದ್ದೂ ಯಾಕೆ ಎದ್ದೆ?"

"ನಾನೆಲ್ಲಿ ಎದ್ದೆ. ಕಾಲು ಎದ್ದಿತು."

ಬಾಗಿಲಲ್ಲಿ ಯಜಮಾನನ ವೇಷದಲ್ಲಿ ನಿಂತಿದ್ದ ಕಾವಲುಗಾರ ಮಾವ ತನ್ನದಲ್ಲದ ಕೋಟಿನ ತೋಳನ್ನು ಮೇಲಕ್ಕೆಳೆದುಕೊಂಡು, "ಹಂಗಾದ್ರೆ ನಾನು ಮತ್ತೆ ಆಚೆ ಹೋಗ್ಲಾ?" ಎಂದು ಕೇಳಿದ. ತಾನೇ ಅರ್ಥ ಮಾಡಿಕೊಂಡು ಹೋದ.

ಅವತ್ತು ಚಪ್ಪಲಿ ಅಂಗಡಿಗೆ ವಾರದ ರಜೆ. ಕೆಲಸಕ್ಕಿದ್ದ ಮೂವರೂ ಬೆಳಿಗ್ಗೆಯೇ ಬಂದು ಶಟರ್ ಎತ್ತಿದ್ದರು. ಉದ್ದಕ್ಕ ಹೆಂಗಸರ ಚಪ್ಪಲಿಯ ಕಡೆಯವಳು. ಏಣಿ ಇಲ್ಲದೆಯೇ ಮೇಲಿನ ಅಟ್ಟಣೆಯ ಡಬ್ಬಿಗೆ ಕೈ ಎಟಕುತ್ತಿದ್ದರಿಂದ ಆ ಹೆಸರು. ಗಲ್ಲಾದಲ್ಲಿ ಕೂರುವ ಹುಡುಗಿಗೆ ಚಿಲ್ಲರೆ ಎಂದು ಹೆಸರು ಬಿದ್ದದ್ದು, ಬಂದವರಿಗೆಲ್ಲ ನಮಸ್ಕಾರದ ಬದಲು "ಚಿಲ್ಲರೆ ಇದ್ಯಾ?" ಎಂದು ಕೇಳುತ್ತಿದ್ದುದಕ್ಕೆ. ಇನ್ನು ಸಿಡುಕ, ಮಹಡಿಯ ಗೋದಾಮಿನಿಂದ ಡಬ್ಬಿ ಇಳಿಸುವವನು. ಮೂಗಿನ ತುದಿಯಲ್ಲೇ ಕೋಪ. ಒಂಬತ್ತನೇ ಕ್ಲಾಸಿನಲ್ಲಿ ಮೇಷ್ಟ್ರ ಜೊತೆ ಜಗಳ ಮಾಡಿಕೊಂಡು ಬ್ಯಾಗು ಅಲ್ಲೇ ಬಿಟ್ಟು ಬಂದವನು, ಆ ಬ್ಯಾಗು ತರಲೂ ಮತ್ತೆ ಆ ಕಡೆ ತಲೆ ಹಾಕಿರಲಿಲ್ಲ.

ಹುಡುಗರು ತಮ್ಮ ಕಷ್ಟವನ್ನು ತಾವೇ ಫೋನಿನಲ್ಲಿ ಸಿನಿಮಾ ಮಾಡಿ ಕಳಿಸಬೇಕು, ಚೆನ್ನಾಗಿದ್ದವನ್ನು ಭಾನುವಾರ ದೊಡ್ಡ ಪರದೆಯ ಮೇಲೆ ತೋರಿಸುತ್ತೇವೆ ಎಂದು ಊರಿನ ಲೈಬ್ರರಿಯವರು ಚೀಟಿ ಅಂಟಿಸಿದ್ದರು. ಕಳಿಸಲು ಅವತ್ತು ಸಂಜೆಯೇ ಕೊನೆ. ಪಕ್ಕದ ಮೊಬೈಲ್ ಅಂಗಡಿಯವರು ಕಸದ ಮೇಲೆ ಮಾಡಿದ್ದರು, ಎದುರಿನ ಗ್ಯಾರೇಜಿನವರು ಕುಡಿತದ ಮೇಲೆ. "ನಮ್ಮದು ಕುರ್ಚಿ ಮೇಲೆ," ಎಂದಿದ್ದ ಸಿಡುಕ.

ಆ ಕುರ್ಚಿಗಳು ಅಂಗಡಿಯ ನಟ್ಟನಡುವೆಯೇ ಇದ್ದವು. ಒಂದೇ ಕಬ್ಬಿಣದ ಸರಳಿಗೆ ಕೂಡಿಸಿದ ಮೂರು ಆಸನ, ಕೆಂಪು ಮೆತ್ತೆ. ಮೇಲೆ ಗೋಡೆಯಲ್ಲಿ ಚಂದದ ಅಕ್ಷರದಲ್ಲಿ "ದಯವಿಟ್ಟು ಕುಳಿತುಕೊಳ್ಳಿ" ಎಂಬ ಬೋರ್ಡು. ಗಲ್ಲಾದ ಹಿಂದೆ, ಗಿರಾಕಿಯ ಕಣ್ಣಿಗೆ ಬೀಳದ ಕಡೆ, ಅದೇ ಅಕ್ಷರದಲ್ಲಿ ಇನ್ನೊಂದು: "ಸಿಬ್ಬಂದಿ ಕೂರುವಂತಿಲ್ಲ." ಎರಡನ್ನೂ ಬರೆದವನು ಒಬ್ಬನೇ. ಬರೆಯುವಾಗ ಅವನಿಗೆ ನಗು ಬಂದಿತ್ತೋ ಇಲ್ಲವೋ. ಶಟರ್ ಎತ್ತಿದಾಗಿನಿಂದ ಇಳಿಸುವ ತನಕ ಉದ್ದಕ್ಕ ನಿಂತೇ ಇರುತ್ತಿದ್ದಳು, ಇಲ್ಲವೇ ಯಾರದೋ ಪಾದದ ಮುಂದೆ ಮಂಡಿಯೂರಿರುತ್ತಿದ್ದಳು. "ಹಾಕ್ಕೊಂಡ್ರೆ ಹತ್ತಿ ಮೇಲೆ ನಡೆದ ಹಾಗಿರುತ್ತೆ ಮೇಡಂ" ಎಂದು ದಿನವಿಡೀ ಹೇಳಿ, ಮನೆಗೆ ಹೊರಡುವ ಹೊತ್ತಿಗೆ ಅವಳ ಕಾಲು ಅವಳ ಚಪ್ಪಲಿಗೇ ಹಿಡಿಸುತ್ತಿರಲಿಲ್ಲ. ಸಿಡುಕ ಕಥೆ ಹೇಳಿದಾಗ ಅದಕ್ಕೇ ಅವಳು ಒಪ್ಪಿದ್ದಳು. ಹುಡುಗಿಯೊಬ್ಬಳು ಗಿರಾಕಿಯ ಕುರ್ಚಿಯಲ್ಲಿ ಕೂರುತ್ತಾಳೆ, ಯಜಮಾನ ಬರುತ್ತಾನೆ, ಏಳು ಅನ್ನುತ್ತಾನೆ, ಅವಳು ಏಳುವುದಿಲ್ಲ, ಕೂತಲ್ಲಿಂದಲೇ ಮಾತಿನಲ್ಲಿ ಅವನ ನೀರಿಳಿಸುತ್ತಾಳೆ. "ಇದು ನಾನು ಮಾಡ್ತೀನಿ," ಎಂದು ಉದ್ದಕ್ಕ ತಾನಾಗಿಯೇ ಹೇಳಿದ್ದಳು. "ಬೇರೆ ಯಾರಿಗೂ ಕೊಡಬೇಡ."

ಈಗ ನೋಡಿದರೆ ಹೀಗೆ.

ಚಿಲ್ಲರೆ ಒಂದು ಉಪಾಯ ಮಾಡಿದಳು. ಗಂಟೆಯೊಳಗೆ ಧೂಳು ಒರೆಸುವ ಬಟ್ಟೆ ತುರುಕಿದಳು. ಮಾವ ಸದ್ದಿಲ್ಲದೆ ಒಳಗೆ ಬಂದ. ಗಾಜಿನ ಬಾಗಿಲಿನ ನೆರಳು ನೆಲದ ಮೇಲೆ ಸರಿದದ್ದು ಕಂಡಿದ್ದೇ ಉದ್ದಕ್ಕ ಎದ್ದಳು.

"ನೆರಳಿಗೂ ಏಳ್ತೀಯಲ್ಲ ಅಕ್ಕಾ," ಎಂದ ಸಿಡುಕ. ಅವನ ದನಿಯಲ್ಲಿ ಕೋಪ ಹೋಗಿ ಬೇರೇನೋ ಬಂದಿತ್ತು.

"ಮನೇಲೂ ಹಂಗೇ. ಬೀದೀಲಿ ಯಾರದೋ ಸೈಕಲ್ ಗಂಟೆ ಕೇಳಿದ್ರೆ ತಟ್ಟೆ ಮುಂದಿಂದ ಎದ್ದುಬಿಡ್ತೀನಿ. ಅಮ್ಮ ಬೈತಾಳೆ." ಉದ್ದಕ್ಕ ಕುರ್ಚಿಯ ಅಂಚಿನಲ್ಲಿ ಕೂತು ಹಿಮ್ಮಡಿ ಒತ್ತಿಕೊಂಡಳು. "ನನ್ನ ಕೈಲಿ ಆಗಲ್ಲ ಕಣೋ. ಇವಳನ್ನ ಕೂರಿಸು."

ಚಿಲ್ಲರೆಯನ್ನು ಕೂರಿಸಿ ನೋಡಿದರು. ಗಲ್ಲಾದ ಎತ್ತರದ ಸ್ಟೂಲು ಅವಳ ಪಾಲಿಗೆ ಮೊದಲಿನಿಂದಲೂ ಇದ್ದದ್ದು. ಮಾವ ಬಂದ, "ಏಳಮ್ಮ, ದಯವಿಟ್ಟು" ಎಂದ, ಅವಳು ಕಾಲ ಮೇಲೆ ಕಾಲು ಹಾಕಿಕೊಂಡು ಆರಾಮಾಗಿ ಕೂತೇ ಇದ್ದಳು. ಸಿಡುಕ ಫೋನಿನಲ್ಲಿ ಅದನ್ನು ನೋಡಿ ತಲೆಯಾಡಿಸಿದ.

"ನೀನು ಕೂತ್ರೆ ಬರೀ ಕೂತ ಹಾಗಿದೆ."

"ಮತ್ತೆ ಕೂತ್ರೆ ಕೂತ ಹಾಗಲ್ದೆ ಹಾರಿದ ಹಾಗಿರುತ್ತಾ?"

"ನಿನಗೆ ಅರ್ಥ ಆಗಲ್ಲ, ಸುಮ್ನಿರು. ಮಾವ, ನೀವೂ ಅಷ್ಟೇ. ಯಾವ ಯಜಮಾನ ದಯವಿಟ್ಟು ಅಂತಾನೆ?"

"ಹೆಣ್ಣುಮಕ್ಕಳಿಗೆ ಜೋರು ಮಾಡೋಕೆ ನಾಲಗೆ ಬರಲ್ಲ ಕಣಪ್ಪ," ಎಂದ ಮಾವ. "ಬೇಕಾದ್ರೆ ನನ್ನ ಕುರ್ಚೀನೇ ತಂದುಕೊಡ್ತೀನಿ." ಗಲ್ಲಾದ ಸ್ಟೂಲು ಬಿಟ್ಟರೆ ಆ ಕಟ್ಟಡದಲ್ಲೆಲ್ಲ ಕೆಲಸದವರಲ್ಲಿ ಕುರ್ಚಿ ಇದ್ದದ್ದು ಅವನೊಬ್ಬನಿಗೆ. ಒಂದು ಕಾಲಿಗೆ ತಂತಿ ಸುತ್ತಿದ ಪ್ಲಾಸ್ಟಿಕ್ ಕುರ್ಚಿ, ಅದನ್ನು ಅವನು ರಾತ್ರಿ ಬೀಗ ಹಾಕಿಡುತ್ತಿದ್ದ.

ಕೊನೆಗೆ ಸಿಡುಕ ಮಹಡಿಗೆ ಹೋಗಿ ಒಂದು ಹಿಡಿ ಬೂಟಿನ ಲೇಸು ತಂದ. ಕಪ್ಪು, ಕಂದು, ಬಿಳಿ. ಒಂದಕ್ಕೊಂದು ಗಂಟು ಹಾಕಿ ಉದ್ದಕ್ಕನನ್ನು ಸೊಂಟದ ಸುತ್ತ ಕುರ್ಚಿಗೆ ಕಟ್ಟಿದ. ಅವಳೂ ಬೇಡ ಅನ್ನಲಿಲ್ಲ, "ಇನ್ನೂ ಬಿಗಿ ಮಾಡು" ಎಂದಳು. ಗಂಟೆಯ ಬಟ್ಟೆ ತೆಗೆದರು. ಕ್ಯಾಮೆರಾ ಓಡಿತು. ಮಾವ ಬಂದ, ಟಿಣ್. ಉದ್ದಕ್ಕ ಎದ್ದಳು. ಅವಳ ಜೊತೆಗೆ ಕಬ್ಬಿಣದ ಸರಳು, ಮೂರು ಕೆಂಪು ಕುರ್ಚಿ, ಎಲ್ಲವೂ ಅವಳ ಹಿಂದೆ ಓರೆಯಾಗಿ ಎದ್ದವು. ಅದನ್ನೆಲ್ಲ ಹೊತ್ತುಕೊಂಡೇ ಅವಳು, "ಬನ್ನಿ," ಎಂದಳು.

ಮಾವ ಬಾಗಿಲು ಹಿಡಿದುಕೊಂಡು ನಕ್ಕ. ಚಿಲ್ಲರೆ ಫೋನು ಹಿಡಿದೇ ನೆಲಕ್ಕೆ ಕುಸಿದಳು. ಉದ್ದಕ್ಕನೂ ನಕ್ಕಳು, ಕಟ್ಟಿದ್ದ ಲೇಸಿನೊಳಗೆ ಉಸಿರು ಸಿಗದಷ್ಟು. ಸಿಡುಕ ಮಾತ್ರ ಬಿಗಿದ ಮುಖದಲ್ಲೇ ಇದ್ದ, ಆಮೇಲೆ ಅವನೂ ಗೋಡೆಗೆ ತಿರುಗಿ ಭುಜ ಕುಣಿಸತೊಡಗಿದ.

ಆಗಲೇ ಗಂಟೆ ಇನ್ನೊಂದು ಸಲ ಹೊಡೆದದ್ದು. ಬಾಗಿಲಲ್ಲಿ ನಿಜವಾದ ಯಜಮಾನರು ನಿಂತಿದ್ದರು.

ಇಸ್ತ್ರಿ ಮಾಡಿದ ಅಂಗಿ, ಆಗ ತಾನೇ ಬಣ್ಣ ಹಚ್ಚಿದ ಮೀಸೆ. ರಜೆಯ ದಿನ ಅಂಗಡಿ ಕೊಡಲು ಅವರು ಒಪ್ಪಿದ್ದು ಚಿಲ್ಲರೆಯ ಮಾತಿಗೆ. "ಕಾಲಿನ ಆರೋಗ್ಯದ ಬಗ್ಗೆ ಸಿನಿಮಾ ಸಾರ್" ಎಂದಿದ್ದಳು ಅವಳು, ಸುಳ್ಳೇನೂ ಇರಲಿಲ್ಲ. ಅಂಗಡಿಯ ಹೆಸರಿನ ಬೋರ್ಡು ಚೆನ್ನಾಗಿ ಕಾಣಬೇಕು ಎಂಬುದೊಂದೇ ಅವರ ಷರತ್ತು. ಬೋರ್ಡಿನ ಚಿತ್ರ ತೆಗೆಯುತ್ತಿದ್ದಾರೋ ಇಲ್ಲವೋ ನೋಡಲು ಬಂದಿದ್ದರು.

ಎಲ್ಲರ ನಗು ಒಟ್ಟಿಗೆ ನಿಂತಿತು. ಉದ್ದಕ್ಕ ಕುರ್ಚಿ ಸಮೇತ ಇನ್ನಷ್ಟು ನೆಟ್ಟಗೆ ನಿಂತಳು.

"ಇದೇನಿದು?" ಎಂದರು ಯಜಮಾನರು.

ಚಿಲ್ಲರೆ ಬಾಯಿ ತೆರೆಯುವಷ್ಟರಲ್ಲಿ ಸಿಡುಕ ಮುಂದೆ ಬಂದಿದ್ದ. ಬೆಳಿಗ್ಗೆಯಿಂದ ಒಳಗೇ ಕುದಿಯುತ್ತಿದ್ದವನಿಗೆ ಇನ್ನು ತಡೆಯಲಾಗಲಿಲ್ಲ. ಕೈಯಲ್ಲಿದ್ದ ಮುಚ್ಚಳ ಎತ್ತಿ, ಉದ್ದಕ್ಕನಿಗೆಂದು ಬರೆದಿದ್ದ ಮಾತನ್ನು ತಾನೇ ಅವರ ಮುಖಕ್ಕೆ ಓದಿದ.

"ನಿಮ್ಮ ಅಂಗಡೀಲಿ ಬೂಟಿಗೂ ಒಂದು ಮನೆ ಇದೆ. ಜೋಡಿಗೊಂದು ಡಬ್ಬಿ, ಡಬ್ಬಿಯೊಳಗೆ ತೆಳು ಕಾಗದದ ಹಾಸಿಗೆ. ಅದು ಹಾಯಾಗಿ ಮಲಗಿರುತ್ತೆ. ಅದನ್ನ ಮಾರೋ ಕಾಲಿಗೆ ಮಾತ್ರ ಬೆಳಗಿಂದ ಸಂಜೆ ತನಕ ಬರೀ ನೆಲ. ನಾನು ಕೂತ್ರೆ ನಿಮ್ಮ ಗಂಟೇನು ಹೋಗುತ್ತೆ? ಕುರ್ಚಿ ಸವೆಯುತ್ತಾ? ನಾನು ಸವೀತಿದ್ದೀನಲ್ಲ, ಅದು ಕಾಣಲ್ವಾ?"

ಮಾವ ಕೋಟು ಬಿಚ್ಚಿ ಮಡಚತೊಡಗಿದ, ಎಲ್ಲ ಮುಗಿಯಿತು ಎಂಬಂತೆ.

ಯಜಮಾನರು ಕತ್ತು ಓರೆ ಮಾಡಿ ಪೂರ್ತಿ ಕೇಳಿದರು. "ಮಾತು ಚೆನ್ನಾಗಿದೆ," ಎಂದರು. "ಆದ್ರೆ ಓಡ್ತೀಯ. ಹಾಸಿಗೆ ಅಂತ ಹೇಳಿ ಸ್ವಲ್ಪ ನಿಲ್ಲು. ಹಿಂದಿನ ಸಾಲಿನವರಿಗೂ ಕೇಳಬೇಕಲ್ಲ. ನಾನು ಸ್ಕೂಲಲ್ಲಿ ನಾಟಕ ಮಾಡಿದವನಪ್ಪ, ನನಗೆ ಗೊತ್ತು. ಆ ಯಜಮಾನನ ಪಾರ್ಟು ಯಾರದು?"

ಎಲ್ಲರೂ ಮಾವನನ್ನು ನೋಡಿದರು.

"ಇವನಾ? ಇವನು ನಾಯಿಗೂ ಹಚಾ ಅನ್ನಲ್ಲ. ಸರಿ, ನಾನೇ ಮಾಡ್ತೀನಿ. ಕೋಟು ಕೊಡು."

"ನಿಮಗೆ ವೇಷ ಬೇಡ ಸಾರ್," ಎಂದಳು ಚಿಲ್ಲರೆ, ಮುಖದಲ್ಲಿ ಒಂದು ಗೆರೆಯೂ ಅಲುಗಿಸದೆ. "ಹೀಗೇ ಸರಿಯಾಗಿದ್ದೀರಿ."

ಯಜಮಾನರು ಆಚೆ ಹೋಗಿ ಗಂಟಲು ಸರಿಮಾಡಿಕೊಂಡು ಒಳಗೆ ಬಂದರು. ಟಿಣ್. ಉದ್ದಕ್ಕ, ಸರಳು, ಕುರ್ಚಿ, ಎಲ್ಲವೂ ಮೇಲೆದ್ದವು.

"ಏಯ್, ಏಳಬೇಡಮ್ಮ," ಎಂದರು ಅವರು. "ಸೀನು ಹಾಳಾಗುತ್ತೆ. ಕೂತ್ಕೋ. ನಾನು ಹೇಳ್ತಿದ್ದೀನಲ್ಲ, ಕೂತ್ಕೋ."

ಉದ್ದಕ್ಕ ತಟ್ಟನೆ ಕೂತಳು. ಯಜಮಾನರು ಮತ್ತೆ ಆಚೆ ಹೋದರು. ಸಿಡುಕ ಅವಳ ಪಕ್ಕ ಕುಕ್ಕರುಗಾಲಲ್ಲಿ ಕೂತು, ಹಲ್ಲು ಕಚ್ಚಿಕೊಂಡೇ, "ಅವರು ಕೂರು ಅಂದಿದ್ದಕ್ಕೆ ಕೂತ್ರೆ ಅದು ಕೂತಿದ್ದಲ್ಲ ಅಕ್ಕಾ. ಅದೂ ಎದ್ದು ನಿಂತ ಹಾಗೇ," ಎಂದ.

ಉದ್ದಕ್ಕ ಸೊಂಟದ ಲೇಸಿಗೆ ಕೈ ಹಾಕಿ ಗಂಟು ಬಿಚ್ಚಿದಳು. ಒಂದು ಲೇಸು ಗಂಟಿನ ಸಮೇತ ಸರಳಿಗೇ ಸಿಕ್ಕಿಕೊಂಡು ಉಳಿಯಿತು, ಮಿಕ್ಕದ್ದನ್ನು ಎಳೆದು ಅವನ ಮಡಿಲಿಗೆ ಹಾಕಿದಳು. "ಇದು ಬೇಡ. ತಗೊಂಡೋಗು."

ಕ್ಯಾಮೆರಾ ಓಡಿತು. ಟಿಣ್.

ಅವಳ ಹಿಮ್ಮಡಿ ನೆಲ ಬಿಟ್ಟಿತು. ಮಂಡಿ ಮುಂದಕ್ಕೆ ವಾಲಿತು. ಎರಡೂ ಕೈ ಮೆತ್ತೆಯ ಅಂಚನ್ನು ಹಿಡಿದುಕೊಂಡವು. ಹಿಮ್ಮಡಿ ನಿಧಾನವಾಗಿ ಮತ್ತೆ ನೆಲಕ್ಕೆ ಬಂತು. ಅವಳು ಕೂತೇ ಇದ್ದಳು.

ಯಜಮಾನರು ನಾಲ್ಕು ಹೆಜ್ಜೆ ಒಳಗೆ ಬಂದು ನಿಂತರು. "ಏಳಮ್ಮ. ಯಾರು ಕೂರೋಕೆ ಹೇಳಿದ್ದು?" ಎಂದರು. ಅದರಲ್ಲಿ ನಟನೆಯ ಸುಳಿವೇ ಇರಲಿಲ್ಲ. ಕೆಲಸದ ದಿನ ಹೇಳುವ ಹಾಗೆಯೇ ಇತ್ತು.

ಈಗ ಬೂಟಿನ ಹಾಸಿಗೆಯ ಮಾತು ಬರಬೇಕು. ಸಿಡುಕ ತುಟಿಯಲ್ಲೇ ಅದನ್ನು ಆಡುತ್ತಿದ್ದ.

"ಕಾಲು ನೋಯ್ತಿದೆ ಸಾರ್," ಎಂದಳು ಉದ್ದಕ್ಕ. "ಸ್ವಲ್ಪ ಹೊತ್ತು ಕೂತಿರ್ತೀನಿ."

ಕಥೆಯಲ್ಲಿ ಇಲ್ಲಿ ಯಾರೂ ಅವರಿಗೆ ಮಾತು ಬರೆದಿರಲಿಲ್ಲ. ಅವರು ಮೀಸೆ ಮುಟ್ಟಿಕೊಂಡರು. ಚಪ್ಪಲಿ ಅಂಗಡಿಯ ಕನ್ನಡಿ ಮಂಡಿಯ ಮಟ್ಟಕ್ಕಷ್ಟೇ ಇರುತ್ತದೆ. ಎದುರಿನ ಆ ಗಿಡ್ಡ ಕನ್ನಡಿಯಲ್ಲಿ ಅವರ ಮಿರುಗುವ ಬೂಟು ಕಾಣುತ್ತಿತ್ತು, ಅದರ ಪಕ್ಕ ಅವಳ ಪಾದ, ಚಪ್ಪಲಿಯ ಪಟ್ಟಿ ಊದಿದ ಚರ್ಮದೊಳಗೆ ಇಳಿದು ಹೋದದ್ದು. ಅವರು ಅದನ್ನು ನೋಡಿದರು.

"ಎಷ್ಟೊತ್ತು?"

"ಗಿರಾಕಿ ಬರೋ ತನಕ."

"ಬಂದ್ರೆ?"

"ಬಂದ್ರೆ ಏಳ್ತೀನಿ."

ಯಾರೂ ಕಟ್ ಅನ್ನಲಿಲ್ಲ. ಕೊನೆಗೆ ಚಿಲ್ಲರೆಯೇ ಫೋನು ಇಳಿಸಿ, "ಡೈರೆಕ್ಟ್ರು ನಿದ್ದೆ ಹೋದ್ರು ಅನ್ಸುತ್ತೆ," ಎಂದಳು.

"ಕೊನೇಲಿ ನನ್ನ ಮಾತು ಕಮ್ಮಿ ಆಯ್ತಲ್ವಾ?" ಎಂದರು ಯಜಮಾನರು.

"ಸರಿಯಾಗಿತ್ತು ಸಾರ್," ಎಂದ ಸಿಡುಕ. ಅಷ್ಟು ಮೆತ್ತಗೆ ಅವನು ಮಾತಾಡಿದ್ದನ್ನು ಆ ಅಂಗಡಿ ಕೇಳಿರಲಿಲ್ಲ. ಆಮೇಲೆ ಮಾತಿಗೆ ತಪ್ಪಬಾರದೆಂದು ರಸ್ತೆಗೆ ಹೋಗಿ ಬೋರ್ಡಿನದೂ ಒಂದು ಚಿತ್ರ ತೆಗೆದುಕೊಂಡ. ಸಂಜೆ ಸಿನಿಮಾ ಕಳಿಸುವಾಗ ಮಾತ್ರ ಗೊಣಗಿದ. "ಒಂದೂವರೆ ಮುಚ್ಚಳ ಬರೆದಿದ್ದೆ. ಸಿನಿಮಾದಲ್ಲಿ ಒಂದಕ್ಷರಾನೂ ಬರಲಿಲ್ಲ."

"ಅದನ್ನ ಡಬ್ಬಿಗೇ ಮುಚ್ಚು," ಎಂದಳು ಚಿಲ್ಲರೆ. "ಕೊಂಡ್ಕೊಂಡವರು ಮನೇಲಿ ಓದ್ಲಿ."

ಅವನು ನಿಜಕ್ಕೂ ಹಾಗೇ ಮಾಡಿದ.

ಮರುದಿನ ಯಜಮಾನರು ಬಂದ ಗಿರಾಕಿಗಳಿಗೆಲ್ಲ ತಾವು ಸಿನಿಮಾದಲ್ಲಿ ಮಾಡಿದ್ದನ್ನು ಹೇಳಿದರು. ಆಯ್ಕೆಯಾದರೆ ಭಾನುವಾರ ಲೈಬ್ರರಿಯಲ್ಲಿ ತೋರಿಸುತ್ತಾರೆ, ಮನೆಮಂದಿಯೆಲ್ಲ ಹೋಗುತ್ತೇವೆ, ನೀವೂ ಬನ್ನಿ. ಮಧ್ಯಾಹ್ನದ ಹೊತ್ತಿಗೆ ಅಂಗಡಿ ಖಾಲಿಯಾಯಿತು. ಗಲ್ಲಾದ ಹಿಂದಿನ ಬೋರ್ಡು ಇದ್ದಲ್ಲೇ ಇತ್ತು. ಯಜಮಾನರು ಪೇಪರು ಬಿಡಿಸಿಕೊಂಡಿದ್ದರು. ಮೆಟ್ಟಿಲ ಮೇಲೆ ಡಬ್ಬಿ ಹೊತ್ತು ಇಳಿಯುತ್ತಿದ್ದ ಸಿಡುಕ ಅರ್ಧದಲ್ಲೇ ನಿಂತ.

ಉದ್ದಕ್ಕ ಅಂಗಡಿಯ ನಡುವಿಗೆ ನಡೆದು ಕೆಂಪು ಕುರ್ಚಿಯಲ್ಲಿ ಕೂತಳು.

ಪೇಪರು ಸ್ವಲ್ಪ ಕೆಳಗಿಳಿಯಿತು. ಯಜಮಾನರು ಬಾಯಿ ತೆರೆದರು. ಗಲ್ಲಾದಲ್ಲಿ ಚಿಲ್ಲರೆ ಫೋನು ತೆಗೆದು ನಿನ್ನೆಯ ಹಾಗೇ ಅವರ ಕಡೆಗೆ ಹಿಡಿದು, ಮುಗುಳ್ನಕ್ಕಳು. ಅವರು ಮೀಸೆ ಮುಟ್ಟಿಕೊಂಡು ಪೇಪರಿನ ಹಾಳೆ ತಿರುಗಿಸಿದರು.

ಕುರ್ಚಿಯ ಸರಳಿನಲ್ಲಿ ನಿನ್ನೆಯ ಲೇಸಿನ ತುಂಡೊಂದು ಹಾಗೇ ಇತ್ತು. ಉದ್ದಕ್ಕ ಬಾಗಿ ಅದರ ಗಂಟಿಗೆ ಉಗುರು ಹಾಕಿದಳು. ಟಿಣ್. ಹೆಂಗಸೊಬ್ಬಳು ಮಗಳ ಕೈ ಹಿಡಿದುಕೊಂಡು ಒಳಗೆ ಬಂದಳು. ಉದ್ದಕ್ಕ ಗಂಟನ್ನು ಪೂರ್ತಿ ಬಿಚ್ಚಿದಳು, ಲೇಸನ್ನು ಬೆರಳಿಗೆ ಸುತ್ತಿ ಜೇಬಿಗೆ ಹಾಕಿದಳು, ಆಮೇಲೆ ಎದ್ದಳು.

"ಬನ್ನಿ," ಎಂದಳು. "ಕೂತ್ಕೊಳ್ಳಿ."

ಅವಳು ಎದ್ದ ಜಾಗದಲ್ಲಿ ತಗ್ಗಾಗಿದ್ದ ಕೆಂಪು ಮೆತ್ತೆ ನಿಧಾನವಾಗಿ ಮೇಲೇಳುತ್ತಿತ್ತು.