ಗೋಡೆಗೆ ಹೊಟ್ಟೆ ಬಂದದ್ದು

ಆ ಬೆಳಿಗ್ಗೆ ಮೋಡ ಕವಿದಿತ್ತು, ಮಳೆಗೆ ಮಾತ್ರ ಮನಸ್ಸಿರಲಿಲ್ಲ. ಗಾಳಿ ಉಸಿರು ಬಿಗಿಹಿಡಿದು ನಿಂತಿತ್ತು. ಕಟ್ಟುತ್ತಿದ್ದ ಮನೆಗಳ ನಾಲ್ಕನೇ ಅಂತಸ್ತಿನಲ್ಲಿ, ಹಿಂದಿನ ದಿನ ಕಾಂಕ್ರೀಟು ಸುರಿದ ಗೋಡೆಗಳಿಂದ ಅಲ್ಯೂಮಿನಿಯಂ ಹಲಗೆಗಳನ್ನು ಬಿಚ್ಚುತ್ತಿದ್ದರು. ಹಲಗೆ ಬಿಚ್ಚುವ ಹೊತ್ತೆಂದರೆ ಸೆಂಟ್ರಿಂಗ್ ಮೇಸ್ತ್ರಿಗೆ ಹೆರಿಗೆ ಕೋಣೆಯ ಬಾಗಿಲಲ್ಲಿ ನಿಂತ ಹಾಗೆ. ಅಲ್ಲಿಯವರೆಗೆ ಒಳಗಿನದು ದೇವರೊಬ್ಬನಿಗೆ ಗೊತ್ತು, ಹಲಗೆ ಸರಿದ ಮೇಲೆ ಊರಿಗೆಲ್ಲ ಗೊತ್ತು.

ಮೂಲೆಯ ಹಲಗೆ ಸರಿಯಿತು. ಮೊಣಕಾಲೆತ್ತರದಲ್ಲಿ ಗೋಡೆ ಎರಡು ಬೆರಳಿನಷ್ಟು ಉಬ್ಬಿಕೊಂಡಿತ್ತು.

ಮೊದಲು ಕಂಡವನು ಹಸಿ ಕಾಂಕ್ರೀಟನ್ನು ಅದುರಿಸಿ ಕೂರಿಸುವ ವೈಬ್ರೇಟರ್ ಹಿಡಿಯುವವನು. ಬಾಯಿ ಮುಚ್ಚಿದ್ದನ್ನು ಯಾರೂ ಕಂಡಿರಲಿಲ್ಲವಾದ್ದರಿಂದ ಅವನಿಗೆ ರೇಡಿಯೋ ಎಂದೇ ಹೆಸರು.

"ಮೇಸ್ತ್ರಿ, ಗೋಡೆಗೆ ಹೊಟ್ಟೆ ಬಂದಿದೆ!" ಎಂದು ಕೂಗಿದ. "ನಿನ್ನೆ ತಾನೇ ಸುರಿದಿದ್ದು, ಇವತ್ತಿಗೇ ಆರು ತಿಂಗಳು!"

ಎಲ್ಲರೂ ನಕ್ಕರು. ಮೇಸ್ತ್ರಿ ನಗಲಿಲ್ಲ. ಉಬ್ಬಿನ ಮೇಲೆ ಅಂಗೈಯಿಟ್ಟ. ಕಾಂಕ್ರೀಟು ಇನ್ನೂ ಬೆಚ್ಚಗಿತ್ತು.

ಅವನು ಮೂವತ್ತು ವರ್ಷ ಮರದ ಹಲಗೆ, ಮೊಳೆಗಳ ಜೊತೆ ಬದುಕಿದವನು. ಈಗಿನ ಪದ್ಧತಿಯಲ್ಲಿ ಮೊಳೆಯೇ ಇಲ್ಲ. ಹಲಗೆಗೆ ಹಲಗೆ ಕೂಡಿಸಿ, ತೂತಿಗೆ ಪಿನ್ನು ತೂರಿಸಿ, ಪಿನ್ನಿನ ಸೀಳಿಗೆ ಬೆಣೆ ಬಡಿಯಬೇಕು. ಬೆಣೆ ಸಡಿಲಿದ್ದರೆ ಹಸಿ ಕಾಂಕ್ರೀಟಿನ ಭಾರಕ್ಕೆ ಹಲಗೆ ಬಾಯಿ ಬಿಡುತ್ತದೆ. ಅದನ್ನು ಅರಿಯಲು ಕಣ್ಣು ಸಾಲದು, ಕಿವಿ ಬೇಕು. ಸುತ್ತಿಗೆಯಿಂದ ತಟ್ಟಿದರೆ ಬಿಗಿಯಾದ ಬೆಣೆ 'ಟಣ್' ಅನ್ನುತ್ತದೆ, ಸಡಿಲಾದದ್ದು 'ತಪ್' ಅನ್ನುತ್ತದೆ. ಹೀಗೆ ಪ್ರತಿಯೊಂದನ್ನೂ ತಟ್ಟಿ ನೋಡಿ, ಸುರಿಯಲು 'ಹೂಂ' ಅನ್ನುವ ಅಧಿಕಾರ ಮೇಸ್ತ್ರಿಯದು.

ಎರಡು ವರ್ಷದಿಂದ ಅವನಿಗೆ ಟಣ್ಣೂ ತಪ್ಪೂ ಒಂದೇ ಆಗಿತ್ತು.

ಎಡಗಿವಿ ಪೂರ್ತಿ ಹೋಗಿತ್ತು, ಬಲಗಿವಿ ಅರ್ಧ. ಯಾರಿಗೂ ಹೇಳಿರಲಿಲ್ಲ. ಹೇಳಿದರೆ 'ಹೂಂ' ಅನ್ನುವ ಅಧಿಕಾರ ಹೋಗುತ್ತದೆ. ಮಾತಾಡುವವರ ಮುಖ ನೋಡಿ ತಲೆಯಾಡಿಸುವುದನ್ನು ಕಲಿತಿದ್ದ. ಹತ್ತರಲ್ಲಿ ಒಂಬತ್ತು ಸಲ ಲೋಕಕ್ಕೆ ಬೇಕಾದದ್ದು ಅಷ್ಟೇ.

ನಿನ್ನೆಯದು ಹತ್ತನೆಯ ಸಲ. ಬೆಣೆ ಬಡಿಯುತ್ತಿದ್ದ ಸೊಸೆ ಖಾಲಿ ಚೀಲ ಹಿಡಿದು ಬಂದು ಏನೋ ಹೇಳಿದ್ದಳು. ಇವನು ತಲೆಯಾಡಿಸಿದ್ದ. ಅವಳು ಕೆಳಗಿಳಿದು ಹೋದಳು. ಇವನು ಮೂಲೆಯನ್ನು ನಾಲ್ಕು ಸಲ ತಟ್ಟಿ, ಕಾಂಕ್ರೀಟು ಪಂಪಿನವನಿಗೆ 'ಹೂಂ' ಅಂದ. ಅವಳು ಚೀಲದ ತುಂಬ ಬೆಣೆ ಹೊತ್ತು ಏದುಸಿರು ಬಿಡುತ್ತ ಬರುವ ಹೊತ್ತಿಗೆ ಮೂಲೆ ಎದೆಮಟ್ಟ ತುಂಬಿಹೋಗಿತ್ತು. ಅವಳು ಹೇಳಿದ್ದೇನೆಂದು ಆಗ ಅರ್ಥವಾಯಿತು. ನಿಲ್ಲಿಸಿ ಎಂದು ಕೂಗಬಹುದಿತ್ತು. ದೇವರು ನಡೆಸಿಕೊಡುತ್ತಾನೆ ಅಂದುಕೊಂಡ. ತಾನು ಮಾಡಬೇಕಾದದ್ದನ್ನು ದೇವರ ತಲೆಗೆ ಕಟ್ಟಿದ್ದು ಬದುಕಿನಲ್ಲಿ ಅದೇ ಮೊದಲು.

ಇಂಜಿನಿಯರಮ್ಮ ಮೇಲೆ ಬಂದರು. ಉದ್ದನೆಯ ಪಟ್ಟಿಯನ್ನು ಗೋಡೆಗೆ ಆನಿಸಿ ನೋಡಿದರು.

"ಈ ಮೂಲೆಗೆ ಬೆಣೆ ಹೊಡೆದದ್ದು ಯಾರು?"

"ನನ್ನ ಸೊಸೆ." ಅಷ್ಟರಮಟ್ಟಿಗೆ ಅದು ನಿಜವೇ.

"ನೀವು ತಟ್ಟಿ ನೋಡಲಿಲ್ವಾ ಮೇಸ್ತ್ರಿ?"

"ನೋಡಿದ್ದೆ. ಬಿಗಿಯಾಗೇ ಇತ್ತು. ಆಮೇಲೆ ಇವಳೇ ಏನೋ ಬಿಚ್ಚಿದಾಳೆ ಅನ್ಸುತ್ತೆ."

ಸೊಸೆ ಅವನ ಮುಖ ನೋಡಿದಳು. ಕೋಪವಿದ್ದಿದ್ದರೆ ತಡೆದುಕೊಳ್ಳುತ್ತಿದ್ದ. ಅವಳ ಕಣ್ಣಲ್ಲಿದ್ದದ್ದು ಮರುಕ.

"ಏನ್ ತಂಗಿ," ಅಂದ ರೇಡಿಯೋ, "ಬೆಣೆ ಹೊಡಿ ಅಂದ್ರೆ ಬೆಣ್ಣೆ ಹಚ್ಚಿ ಬಂದ್ಯಾ?"

ಮತ್ತೆ ನಗು. "ಇನ್ಮೇಲೆ ನೀವು ಬೆಣೆ ಮುಟ್ಟೋದು ಬೇಡಮ್ಮ," ಅಂದರು ಇಂಜಿನಿಯರಮ್ಮ. "ಕೆಳಗೆ ಹಲಗೆ ಕೆರೆಯೋಕೆ ಹೋಗಿ."

ಬೆಣೆ ಬಡಿಯುವ ಕೆಲಸಕ್ಕೆ ಬಂದ ಮೊದಲ ಹೆಂಗಸು ಅವಳು. ಒಂದು ವರ್ಷ ಬೆರಳು ಜಜ್ಜಿಸಿಕೊಂಡು ಕಲಿತಿದ್ದಳು. ಸುತ್ತಿಗೆಯ ಹಿಡಿಗೆ ತನ್ನ ಕೈಯಳತೆಗೆ ಬಟ್ಟೆ ಸುತ್ತಿಕೊಂಡಿದ್ದಳು. ಅದನ್ನು ಇಸಿದುಕೊಳ್ಳಲು ಕೈ ಚಾಚಿದವನೂ ಮೇಸ್ತ್ರಿಯೇ. ಅವಳು ಕೊಟ್ಟಳು.

ಸಂಜೆ ಮನೆಯಲ್ಲಿ ಊಟಕ್ಕೆ ಕೂತಾಗ, ಲಾರಿ ಓಡಿಸುವ ಮಗ ಹೆಂಡತಿಯನ್ನು ಕೇಳಿದ, "ಏನೋ ಎಡವಟ್ಟು ಮಾಡಿದ್ಯಂತೆ?"

"ಬಿಡಿ ಆ ಮಾತು. ಊಟ ಮಾಡಿ."

ಪಾತ್ರೆ ಹಿಡಿದು ಅವಳು ಎದ್ದಳು. ಮಾವನ ಎಡಗಡೆಯೇ ಇದ್ದವಳು ಹಿಂದಿನಿಂದ ಸುತ್ತಿ ಬಲಗಡೆಗೆ ಬಂದು, ಬಗ್ಗಿ, ಸ್ವಲ್ಪ ಗಟ್ಟಿಯಾಗಿ ಕೇಳಿದಳು: "ಮಾವ, ಇನ್ನೊಂಚೂರು ಹಾಕ್ಲಾ?"

ಅವನ ಕೈ ತಟ್ಟೆಯಲ್ಲೇ ನಿಂತಿತು. ಇವಳು ದಿನಾ ಬಲಗಡೆಗೇ ಬರುತ್ತಿದ್ದಳಲ್ಲ! ಸೈಟಿನಲ್ಲಿ ಯಾರಾದರೂ ಹಿಂದಿನಿಂದ ಕೂಗಿದರೆ, ಏನೋ ಕೆಲಸವಿದ್ದವಳಂತೆ ಬಂದು ಭುಜ ಮುಟ್ಟುತ್ತಿದ್ದವಳೂ ಇವಳೇ. ತಾನು ಮುಚ್ಚಿಟ್ಟಿದ್ದೇನೆ ಅಂದುಕೊಂಡಿದ್ದ ಗುಟ್ಟನ್ನು ಇಷ್ಟು ದಿನ ಕಾದವಳು ಅವಳು. 'ಮಾವನಿಗೆ ಕಿವಿ ಕೇಳಲ್ಲ.' ಮೂರೇ ಮಾತು. ಬೆಳಿಗ್ಗೆ ಅಷ್ಟು ಜನರ ಮುಂದೆ ಅಷ್ಟನ್ನು ಅಂದುಬಿಟ್ಟಿದ್ದರೆ ಅವಳ ಮಾನ ಉಳಿಯುತ್ತಿತ್ತು. ಅನ್ನಲಿಲ್ಲ.

ತಟ್ಟೆ ಪಕ್ಕಕ್ಕೆ ಸರಿಸಿದ. ಕೈ ತೊಳೆದು ಎದ್ದ. ದಿನವೂ ಮಲಗುವ ಮುಂಚೆ ದೇವರಿಗೆ ಕೈಮುಗಿಯುತ್ತಿದ್ದವನಿಗೆ ಅಂದು ಕೈ ಮೇಲೇಳಲಿಲ್ಲ. ಯಾವ ಮುಖ ಹೊತ್ತು ನಿಲ್ಲುವುದು?

ಮರುದಿನ ನಾಲ್ಕನೇ ಅಂತಸ್ತಿನಲ್ಲಿ ಉಬ್ಬನ್ನು ಕೆತ್ತುವ ಮಿಷನ್ನು ಕಟ್ಟಡವನ್ನೇ ನಡುಗಿಸುತ್ತಿತ್ತು. ಮೇಸ್ತ್ರಿ ಇಂಜಿನಿಯರಮ್ಮನ ಹತ್ತಿರ ಹೋದ.

"ಅಮ್ಮಾ, ನನಗೆ ಕಿವಿ ಕೇಳಲ್ಲ."

"ಈ ಗದ್ದಲದಲ್ಲಿ ಯಾರಿಗೆ ಕೇಳುತ್ತೆ ಮೇಸ್ತ್ರಿ?" ಎಂದು ಕಿರುಚಿ, ಅವರು ಮಿಷನ್ನಿನವನಿಗೆ ಕೈ ತೋರಿಸಿದರು. ಸದ್ದು ನಿಂತಿತು.

"ಗದ್ದಲ ಇಲ್ದಿದ್ರೂ ಕೇಳಲ್ಲ ಅಮ್ಮಾ," ಅಂದ ಮೇಸ್ತ್ರಿ. ತನ್ನ ದನಿ ಎಷ್ಟು ಜೋರಿದೆಯೆಂದು ಅವನಿಗೆ ತಿಳಿಯಲಿಲ್ಲ. ಅಂತಸ್ತಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. "ಬೆಣೆ ಸಾಲ್ದು, ತರ್ತೀನಿ ಅಂತ ಅವಳು ಹೇಳಿ ಹೋಗಿದ್ಲು. ನನಗೆ ಕೇಳಲಿಲ್ಲ. ಕೇಳಿದ ಹಾಗೆ ತಲೆಯಾಡಿಸ್ದೆ. ಆಮೇಲೆ ನಿಮ್ಮ ಹತ್ರ ಸುಳ್ಳು ಹೇಳ್ದೆ."

ರೇಡಿಯೋ ತನ್ನ ಬೂಟಿನ ಲೇಸು ಕಟ್ಟಲು ಬಗ್ಗಿದ.

ಇಂಜಿನಿಯರಮ್ಮ ಒಮ್ಮೆ ಉಬ್ಬಿನ ಕಡೆ ನೋಡಿದರು. ಆಮೇಲೆ ಅವನ ಮುಖದ ಎದುರಿಗೆ ಬಂದು, ನಿಧಾನವಾಗಿ ಕೇಳಿದರು. "ಹಾಗಾದ್ರೆ ಇನ್ಮೇಲೆ ತಟ್ಟಿ ನೋಡಿ ಹೂಂ ಅನ್ನೋರು ಯಾರು?"

"ಅವಳಿಗೆ ಚೆನ್ನಾಗಿ ಕೇಳುತ್ತೆ," ಅಂದ ಮೇಸ್ತ್ರಿ.

ಕೆಳಗೆ ಸೊಸೆ ಹಲಗೆಗಳ ರಾಶಿಯ ನಡುವೆ ಕೂತು, ಅಂಟಿದ ಕಾಂಕ್ರೀಟನ್ನು ಕೆರೆದು ಎಣ್ಣೆ ಹಚ್ಚುತ್ತಿದ್ದಳು. ಸಾಮಾನಿನ ಪೆಟ್ಟಿಗೆಯಿಂದ ಅವಳ ಸುತ್ತಿಗೆ ತೆಗೆದುಕೊಂಡು ಅವನು ಹತ್ತಿರ ಹೋದ. ಕ್ಷಮೆ ಕೇಳಬೇಕೆಂದು ಮೆಟ್ಟಿಲುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದ. ಅದರ ಬದಲು ಸುತ್ತಿಗೆಯ ಹಿಡಿಯನ್ನು ಅವಳ ಕಡೆಗೆ ತಿರುಗಿಸಿ ಚಾಚಿದ.

ಅವಳು ಏನೋ ಅಂದಳು.

"ಕೇಳಿಸಲಿಲ್ಲ ಮಗಳೇ. ಇನ್ನೊಂದ್ಸಲ ಹೇಳು."

"ಎಣ್ಣೆ ಕೈ ಅಂದೆ, ಮಾವ. ಜಾರುತ್ತೆ. ಒರೆಸ್ಕೋತೀನಿ, ಇರಿ."

ಅವಳು ಒಂದೊಂದೇ ಬೆರಳನ್ನು ಒರೆಸಿಕೊಳ್ಳುವವರೆಗೂ ಅವನು ಹಾಗೇ ಕೈ ಚಾಚಿ ನಿಂತಿದ್ದ. ಆಮೇಲೆ ಅವಳು ತೆಗೆದುಕೊಂಡಳು.