ಏಣಿಯಕ್ಕನ ನಾಡಿ

ಕೊಯ್ಲು ಮುಗಿದು ಹೊಲಗಳಲ್ಲಿ ಕೂಳೆಯಷ್ಟೇ ಉಳಿದಿದ್ದ ಕಾಲ. ಬೆಳಗಿನ ಚಳಿ ಇನ್ನೂ ಬಿಟ್ಟಿರಲಿಲ್ಲ. ಹುಲ್ಲು ಹೇರಿದ ಟ್ರ್ಯಾಕ್ಟರುಗಳು ಊರಂಚಿನ ರಸ್ತೆಯಲ್ಲಿ ಒಂದರ ಹಿಂದೊಂದು ತೂಗಾಡುತ್ತ ಹೋಗುತ್ತಿದ್ದವು. ಆ ರಸ್ತೆಗೇ ಮುಖ ಮಾಡಿದ್ದ ಹಳೆಯ ದವಸದ ಗೋದಾಮಿನಲ್ಲಿ ವ್ಯಾಯಾಮದ ಮಾಸ್ತರ ಶಟರು ಎತ್ತಿ, ಕಸ ಗುಡಿಸಿ, ರಾಟೆಗೆ ಎಣ್ಣೆ ಬಿಟ್ಟು, ಹಿಂದಿನ ಸಂಜೆ ಜನ ಎಲ್ಲೆಂದರಲ್ಲಿ ಬಿಟ್ಟುಹೋಗಿದ್ದ ಕಬ್ಬಿಣದ ಬಿಲ್ಲೆಗಳನ್ನು ಒಂದೊಂದಾಗಿ ಗೂಟಕ್ಕೆ ಸೇರಿಸುತ್ತಿದ್ದ. ಗೋದಾಮು ಜಿಮ್ ಆಗಿ ವರ್ಷಗಳೇ ಕಳೆದಿದ್ದರೂ ಮೂಲೆ ಗುಡಿಸಿದಾಗೆಲ್ಲ ಅಷ್ಟಿಷ್ಟು ಕಾಳು ಸಿಕ್ಕೇ ಸಿಗುತ್ತಿತ್ತು.

ಬಾಗಿಲ ಬೆಳಕಿಗೆ ಯಾರೋ ಅಡ್ಡ ಬಂದರು. ಮಾಸ್ತರ ತಲೆಯೆತ್ತಿದ. ಕೈಯಲ್ಲಿದ್ದ ದೊಡ್ಡ ಬಿಲ್ಲೆ ಜಾರಿ, ಬಲಗೈಯ ತೋರುಬೆರಳನ್ನೂ ನಡುಬೆರಳನ್ನೂ ಒಟ್ಟಿಗೇ ಜಜ್ಜಿತು.

"ಏನೋ ಮೂಟೆ, ಇನ್ನೂ ಭಾರ ಎತ್ತೋದು ಬಿಟ್ಟಿಲ್ವಾ?"

ಅವನನ್ನು ಮೂಟೆ ಎಂದು ಕರೆಯುವ ಜೀವ ಒಂದೇ ಒಂದು. ಹರೆಯದಲ್ಲಿ ಇದೇ ಗೋದಾಮಿನಲ್ಲಿ ಅವನು ಚೀಲ ಹೊರುತ್ತಿದ್ದಾಗ ಎದುರುಮನೆಯ ಅವಳು ಇಟ್ಟ ಹೆಸರು ಅದು. ಆಮೇಲೆ ಅವಳು ಮದುವೆಯಾಗಿ ದೂರದ ಹಣ್ಣಿನ ತೋಟಗಳ ಸೀಮೆಗೆ ಹೋದಳು. ಹಣ್ಣು ಕೀಳುವ ಹೆಂಗಸರ ತಂಡಕ್ಕೆ ಮುಂದಾಳಾದಳು. ಎಲ್ಲರಿಗಿಂತ ಮೊದಲು ಏಣಿ ಹತ್ತುತ್ತಿದ್ದುದಕ್ಕೆ ಅಲ್ಲಿಯವರು ಏಣಿಯಕ್ಕ ಅಂದರು. ಗಂಡ ತೀರಿಕೊಂಡ, ಮಗಳು ತನ್ನ ಸಂಸಾರ ನೋಡಿಕೊಂಡಳು ಎಂಬುದೆಲ್ಲ ಅವಳ ಅಣ್ಣನ ಬಾಯಿಂದ ಅವನ ಕಿವಿಗೆ ಬೀಳುತ್ತಿತ್ತು.

"ಏಣಿ ಮುರೀತು, ಕೈಯೂ ಮುರೀತು," ಅಂದಳು ಅವಳು, ಬೆಂಚಿನ ಮೇಲೆ ಕೂರುತ್ತ. "ಏಣಿಗೆ ಮೊಳೆ ಹೊಡೆದ್ರು, ಸರಿಹೋಯ್ತು. ನನ್ನ ಕೈ ನೋಡು, ಇಷ್ಟರ ಮೇಲೆ ಏಳಲ್ಲ ಅನ್ನುತ್ತೆ. ಮೂಳೆ ಕೂಡಿದೆ, ಇನ್ನು ವ್ಯಾಯಾಮ ಮಾಡು ಅಂದ್ರು ಅಲ್ಲಿಯ ಡಾಕ್ಟ್ರು. ಬಿಸಿಲು ಬಲಿಯೋ ಹೊತ್ತಿಗೆ ಕೀಳೋ ಕೆಲಸ ಶುರು. ಅಷ್ಟರಲ್ಲಿ ನಾನು ಏಣಿ ಮೇಲಿರಬೇಕು. ಇಲ್ದಿದ್ರೆ ತಂಡ ಇನ್ನೊಬ್ಬಳ ಕೈಗೆ ಹೋಗುತ್ತೆ. ಆಗುತ್ತೋ ಇಲ್ವೋ ಹೇಳು. ನಾಳೆ ಹೇಳ್ತೀನಿ ಅನ್ಬೇಡ."

ಕೊನೆಯ ಮಾತನ್ನು ಅವಳು ನಗುತ್ತಲೇ ಹೇಳಿದಳು. ಮಾಸ್ತರ ಮಾತ್ರ ನಗಲಿಲ್ಲ. ಅವಳಿಗೆ ಗಂಡು ಗೊತ್ತಾದ ವಾರ, ಬಸ್ಸಿನ ಕಟ್ಟೆಯ ಹತ್ತಿರ ಅವನನ್ನು ನಿಲ್ಲಿಸಿ ಅವಳು ಕೇಳಿದ್ದಳು: "ನಿನ್ನ ಮನಸ್ಸಲ್ಲಿ ಏನಾದ್ರೂ ಇದ್ರೆ ಬಾಯಿಬಿಟ್ಟು ಹೇಳು." ಅವನು ನಾಳೆ ಹೇಳ್ತೀನಿ ಅಂದಿದ್ದ. ಮರುದಿನ ಬೇರೆಯವರ ಪಾಳಿಯ ಚೀಲಗಳನ್ನೂ ತಾನೇ ಹೊತ್ತು ಕತ್ತಲಾಗುವ ತನಕ ಗೋದಾಮು ಬಿಟ್ಟು ಹೊರಬರಲಿಲ್ಲ. ಆ ಉತ್ತರ ಹಾಗೆಯೇ ಬಾಕಿ ಉಳಿಯಿತು.

"ಆಗುತ್ತೆ," ಅಂದ ಮಾಸ್ತರ.

ಜಜ್ಜಿದ ಬೆರಳುಗಳೆರಡನ್ನೂ ಸೇರಿಸಿ ಬಟ್ಟೆ ಸುತ್ತಿಕೊಂಡು ಬಂದು ಅವಳ ಎದುರು ಕೂತ. ಹೊಸದಾಗಿ ಯಾರೇ ಬರಲಿ, ಮೈ ಬೆಚ್ಚಗಾಗುವ ಮೊದಲೇ ನಾಡಿ ನೋಡುವುದು ಅವನ ಪದ್ಧತಿ. ಅವಳ ಮಣಿಕಟ್ಟು ಹಿಡಿದು, ಹೆಬ್ಬೆರಳೂರಿ, ಗೋಡೆಯ ಗಡಿಯಾರ ನೋಡಿದ.

ನಾಡಿ ಓಡುತ್ತಿತ್ತು. ಬೆನ್ನಟ್ಟಿಸಿಕೊಂಡ ಕರುವಿನ ಹಾಗೆ ಓಡುತ್ತಿತ್ತು.

ಮಾಸ್ತರನಿಗೆ ಆಶ್ಚರ್ಯವಾಯಿತು. ಹೀಗಿರಬಾರದು. ಏಣಿ ಹತ್ತಿಳಿದು ಬಲಿತ ಎದೆ ಅದು. ಅಂಥ ಹೃದಯ ಒಂದೊಂದು ಬಡಿತಕ್ಕೂ ಹೆಚ್ಚು ರಕ್ತ ನೂಕುತ್ತದೆ, ಆದ್ದರಿಂದ ಸುಮ್ಮನೆ ಕೂತಾಗ ನಿಧಾನಕ್ಕೆ ಬಡಿಯುತ್ತದೆ. ಹೀಗೆ ಓಡಬೇಕಾದರೆ ಒಂದೋ ಜ್ವರ, ಇಲ್ಲ ರಕ್ತ ಕಡಿಮೆ, ಇಲ್ಲವೇ ಹೃದಯದ್ದೇ ಏನೋ ತೊಂದರೆ. ಅವನು ಕಲಿತ ಪುಸ್ತಕಗಳಲ್ಲಿ ಇನ್ನೂ ಒಂದು ಕಾರಣ ಇತ್ತು. ಮನಸ್ಸಿನ ತಳಮಳ. ಅದನ್ನು ಅವನು ಕೊನೆಗೆ ನೆನೆದ, ನೆನೆದು ಬೇಗನೆ ಕೈಬಿಟ್ಟ.

"ಇಲ್ಲಿಯ ಡಾಕ್ಟ್ರಿಗೆ ಒಮ್ಮೆ ತೋರಿಸ್ಬಿಡು. ಅಲ್ಲಿತನಕ ಏಣಿ ಬೇಡ, ಹಗುರದ್ದು ಮಾತ್ರ."

"ಕೈಗೆ ಅಂತ ಬಂದ್ರೆ ಎದೆಗೂ ಚೀಟಿ ಕೊಡ್ತೀಯಲ್ಲೋ!"

ಆದರೂ ಅವಳು ಮರುದಿನದಿಂದ ತಪ್ಪದೆ ಬಂದಳು. ಮಾಸ್ತರ ಅವಳನ್ನು ಗೋಡೆಯೆದುರು ನಿಲ್ಲಿಸಿ, ಬೆರಳುಗಳನ್ನು ಜೇಡದಂತೆ ಮೇಲಕ್ಕೆ ಹತ್ತಿಸಿದ. ಕೋಲನ್ನು ಎರಡೂ ಕೈಯಲ್ಲಿ ಹಿಡಿಸಿ, ಒಳ್ಳೆಯ ಕೈಯಿಂದ ನೋವಿನ ಕೈಯನ್ನು ಎತ್ತಿಸಿದ. ಕಂಬಕ್ಕೆ ಕಟ್ಟಿದ ರಬ್ಬರಿನ ಪಟ್ಟಿ ಎಳೆಸಿದ.

"ಹೆಗಲಿನ ಕೀಲು ಅಂದ್ರೆ ತಟ್ಟೆ ಮೇಲಿಟ್ಟ ಚೆಂಡು," ಅಂತ ವಿವರಿಸುತ್ತಿದ್ದ. "ತಟ್ಟೆ ಆಳ ಇಲ್ಲ. ಸುತ್ತ ನಾಲ್ಕು ಸಣ್ಣ ಸ್ನಾಯು ಹಿಡ್ಕೊಂಡಿರೋದ್ರಿಂದ ಚೆಂಡು ಜಾರಲ್ಲ."

"ನಾಲ್ಕು ಜನ ಹಿಡ್ಕೊಂಡಿದ್ರೂ ನಾನು ಬಿದ್ದೆನಲ್ಲ!"

"ನೀನು ಬಿದ್ದದ್ದು ಏಣಿಯಿಂದ. ಚೆಂಡು ಇನ್ನೂ ತಟ್ಟೆಯಲ್ಲೇ ಇದೆ. ಈಗ ಕೈ ಎತ್ತು. ಕುತ್ತಿಗೆ ಕುಗ್ಗಿಸ್ಬೇಡ. ಕೈ ಒಂದೇ ಮೇಲೆ ಹೋಗಲ್ಲ, ಬೆನ್ನಿನ ಹೆಗಲೆಲುಬೂ ಜೊತೆಗೆ ಜಾರಿ ತಿರುಗಬೇಕು. ಅದು ಕೂತಲ್ಲೇ ಕೂತ್ರೆ ಕೈ ಅರ್ಧದಲ್ಲೇ ನಿಲ್ಲುತ್ತೆ."

ಹಾಗೆ ಹೇಳಿ ಅವಳ ಹೆಗಲೆಲುಬಿನ ಮೇಲೆ, ಬಟ್ಟೆಯ ಮೇಲಿಂದ, ಅಂಗೈ ಇಡುತ್ತಿದ್ದ. ಎಷ್ಟೋ ಜನರ ಬೆನ್ನಿನ ಮೇಲೆ ಹಾಗೆ ಕೈಯಿಟ್ಟವನು. ಅವರೆಲ್ಲ ಮನೆಗೆ ಹೋದ ಮೇಲೆ ಅಂಗೈಯಲ್ಲಿ ಏನೂ ಉಳಿಯುತ್ತಿರಲಿಲ್ಲ. ಅವಳು ಹೋದ ಮೇಲೆ ಅವನು ಕೈ ತೊಳೆಯುವುದನ್ನು ಸ್ವಲ್ಪ ಹೊತ್ತು ಮುಂದೂಡುತ್ತಿದ್ದ.

ಪ್ರತಿ ಬೆಳಗ್ಗೆಯೂ ನಾಡಿ ನೋಡಿದ. ಪ್ರತಿ ಬೆಳಗ್ಗೆಯೂ ಅದು ಓಡುತ್ತಿತ್ತು.

ಡಾಕ್ಟರ ಹತ್ತಿರ ಹೋಗಿಬಂದವಳು ಚಪ್ಪಲಿ ಬಿಡುವ ಮುಂಚೆಯೇ ಸಾರಿದಳು. "ಎದೆ ನೋಡಿದ್ರು, ರಕ್ತ ನೋಡಿದ್ರು. ಏನೂ ಇಲ್ಲವಂತೆ. ನಾಡಿ ಕೆರೆ ನೀರಿನ ಹಾಗೆ ತಣ್ಣಗಿದೆ, ನಿಮ್ಮನ್ನ ಯಾರಮ್ಮ ಹೆದರಿಸಿದ್ದು ಅಂತ ಕೇಳಿದ್ರು. ನಿನ್ನ ಹೆಸರು ಹೇಳಿ ಮರ್ಯಾದೆ ಕಳೀಲಿಲ್ಲ."

ಮಾಸ್ತರ ಮತ್ತೆ ನೋಡಿದ. ಓಡುತ್ತಿತ್ತು. ಹಾಗಾದರೆ ಅಲ್ಲಿ ತಣ್ಣಗಿದ್ದದ್ದು ಇಲ್ಲಿ ಮಾತ್ರ ಓಡುತ್ತದೆ. ಅವನ ಎದುರಿಗೆ ಮಾತ್ರ. ಮೊದಲ ದಿನ ಕೈಬಿಟ್ಟಿದ್ದ ಕಾರಣವನ್ನು ಈಗ ಅವನು ಮೆಲ್ಲಗೆ ಎತ್ತಿಕೊಂಡ. ಆ ವಾರ ಬಚ್ಚಲ ಗೋಡೆಗೆ ಸುಣ್ಣ ಬಳಿದ. ತಾನೊಬ್ಬನೇ ಇದ್ದ ಮನೆಯಲ್ಲಿ ಎರಡನೆಯ ಕುರ್ಚಿಯ ಮೇಲೆ ಹೇರಿದ್ದ ಬಟ್ಟೆಗಳನ್ನು ಮಡಚಿ ಪೆಟ್ಟಿಗೆಗೆ ಹಾಕಿದ. ಆ ಕುರ್ಚಿಯಲ್ಲಿ ಯಾರಾದರೂ ಕೂತರೆ ಬೆಳಕು ಯಾವ ಕಡೆಯಿಂದ ಬೀಳುತ್ತದೆ ಎಂದು ಸುಮ್ಮನೆ ನೋಡಿದ.

ಅವಳ ಕೈ ಈಗ ಕಿವಿಯ ತನಕ ಏಳುತ್ತಿತ್ತು. "ಏಣಿ ಯಾವಾಗ?" ಅಂತ ಅವಳು ಕೇಳಿದರೆ, "ನಾಡಿ ಇನ್ನೂ ಇಳಿದಿಲ್ಲ, ಇನ್ನೊಂದು ವಾರ" ಅನ್ನುತ್ತಿದ್ದ. ಆ ಮಾತಿನಲ್ಲಿ ಕಾಳಜಿ ಎಷ್ಟು, ಅವಳು ಹೊರಟುಹೋಗುತ್ತಾಳೆಂಬ ಅಳುಕು ಎಷ್ಟು ಎಂದು ಅವನು ಬಿಡಿಸಿ ನೋಡಲು ಹೋಗಲಿಲ್ಲ.

ಬಿಸಿಲು ಚುರುಕಾಯಿತು. ತೋಟದಿಂದ ಅವಳಿಗೆ ಫೋನು ಬಂತು. ಈ ವಾರದೊಳಗೆ ಬಾರದಿದ್ದರೆ ತಂಡಕ್ಕೆ ಬೇರೆಯವಳನ್ನು ನೋಡಿಕೊಳ್ಳುತ್ತಾರಂತೆ.

ಮರುದಿನ ಬೆಳಗ್ಗೆ ಅವಳಿಗಿಂತ ಮೊದಲು ಬಂದವನು ಗಡಿಯಾರದಜ್ಜ. ಬಜಾರದಲ್ಲಿ ಗಡಿಯಾರ ರಿಪೇರಿ ಮಾಡುವ ಈ ಮುದುಕ ಜಿಮ್ಮಿನ ಹಳೆಯ ಗಿರಾಕಿ. ಎಲ್ಲರ ಹಾಗೆ ತನ್ನ ನಾಡಿ ತಾನೇ ಎಣಿಸಿಕೊಳ್ಳುತ್ತಿದ್ದವನು ಅವತ್ತು ಕನ್ನಡಕ ಮರೆತು ಬಂದಿದ್ದ.

"ಗೋಡೆ ಮೇಲಿರೋದು ನಾನೇ ಕೊಟ್ಟ ಗಡಿಯಾರ, ನನಗೇ ಕಾಣಲ್ಲ. ನೋಡಪ್ಪ ಮಾಸ್ತರೇ, ಇನ್ನೂ ಎಷ್ಟು ದಿನ ನಡೆಯುತ್ತೆ ಈ ಯಂತ್ರ."

ಮಾಸ್ತರ ಅಜ್ಜನ ಮಣಿಕಟ್ಟು ಹಿಡಿದ. ಅದೇ ಹೊತ್ತಿಗೆ ಬಾಗಿಲ ಬೆಳಕಿಗೆ ಏಣಿಯಕ್ಕ ಅಡ್ಡ ಬಂದಳು.

"ಅಜ್ಜಾ, ಇದೇನಿದು! ಇದ್ದಕ್ಕಿದ್ದ ಹಾಗೆ ಓಡೋಕೆ ಶುರುವಾಯ್ತಲ್ಲ!" ಅಂದ ಮಾಸ್ತರ.

"ಓಡೋದಾ? ಬಂದು ಕೂತು ಅರ್ಧ ಗಂಟೆ ಆಯ್ತು. ನಾನು ಸತ್ರೂ ಓಡೋ ಗಿರಾಕಿ ಅಲ್ಲ." ಅಜ್ಜ ಕಣ್ಣು ಕಿರಿದು ಮಾಡಿ ತನ್ನ ಕೈಯನ್ನೇ ಮೂಗಿನ ಹತ್ತಿರ ತಂದುಕೊಂಡು ನೋಡಿದ. ಆಮೇಲೆ ಹಲ್ಲಿಲ್ಲದ ಬಾಯಿ ತೆರೆದು ನಕ್ಕ. "ಅಯ್ಯೋ ಪುಣ್ಯಾತ್ಮಾ, ಹೆಬ್ಬೆರಳು! ಹೆಬ್ಬೆರಳಲ್ಲೂ ನಾಡಿ ಬಡಿಯುತ್ತೆ, ಅದನ್ನಿಟ್ರೆ ನಿಮ್ಮದನ್ನೇ ನೀವು ಎಣಿಸ್ತೀರಿ ಅಂತ ಎಲ್ಲರೆದುರು ನನ್ನ ಕೈಗೆ ಹೊಡೆದವನು ನೀನೇ ಅಲ್ವಾ? ಯಾವ ಟಿಕ್ ಟಿಕ್ ಯಾವ ಗಡಿಯಾರದ್ದು ಅಂತ ಗೊತ್ತಾಗ್ದೇ ಇದ್ರೆ ನನ್ನ ಅಂಗಡಿ ಎಂದೋ ಮುಚ್ಚಬೇಕಿತ್ತು!"

ಮಾಸ್ತರ ತನ್ನ ಕೈಯನ್ನು ನೋಡಿಕೊಂಡ. ಬಟ್ಟೆ ಸುತ್ತಿದ ಎರಡು ಬೆರಳು ಗಾಳಿಯಲ್ಲಿದ್ದವು. ಅವುಗಳ ಕೆಲಸಕ್ಕೆ ಹೆಬ್ಬೆರಳು ತಾನಾಗಿ ಹೋಗಿ ಕೂತಿತ್ತು. ಅವಳು ಬಂದ ಮೊದಲ ದಿನದಿಂದಲೂ ಹಾಗೆಯೇ ಕೂತಿತ್ತು. ಅವನ ಕಿವಿ ಬಿಸಿಯಾಯಿತು.

ಅಜ್ಜ ಇನ್ನೂ ನಗುತ್ತಲೇ ಸೈಕಲ್ ತುಳಿಯಲು ಆಚೆ ತುದಿಗೆ ಹೋದ. ಏಣಿಯಕ್ಕ ಬೆಂಚಿನ ಮೇಲೆ ಕೂತು, ರೂಢಿಯಂತೆ ಕೈ ಚಾಚಿದಳು.

"ನೋಡು, ಬೇಗ ನೋಡು. ಇವತ್ತೂ ಓಡ್ತಿದೆ ಅಂದ್ರೆ ನಾನು ಕೆಲಸ ಬಿಟ್ಟ ಹಾಗೇ."

ಓಡುತ್ತಿದೆ ಅಂದರೆ ಸಾಕಿತ್ತು. ಅವಳು ಅಣ್ಣನ ಮನೆಯಲ್ಲೇ ಉಳಿಯುತ್ತಿದ್ದಳು, ನಾಳೆಯೂ ಇದೇ ಬೆಂಚಿನ ಮೇಲೆ ಕೂರುತ್ತಿದ್ದಳು. ಮಾಸ್ತರ ಬೆರಳಿನ ಬಟ್ಟೆ ಬಿಚ್ಚತೊಡಗಿದ. ಗಂಟು ಬಿಗಿಯಾಗಿತ್ತು, ಹಲ್ಲಿನಿಂದ ಎಳೆಯಬೇಕಾಯಿತು. ಒಳಗೆ ಹೊಸ ಉಗುರು ಅರ್ಧಕ್ಕೆ ಬಂದಿತ್ತು.

"ಇಷ್ಟು ದಿನ ನಾನು ಹೆಬ್ಬೆರಳಲ್ಲಿ ನೋಡಿದೆ," ಅಂದ. "ಓಡ್ತಿದ್ದದ್ದು ನಿನ್ನ ನಾಡಿ ಅಲ್ಲ."

"ಮತ್ತೆ?"

"ನನ್ನದು."

ಆಚೆ ಅಜ್ಜನ ಸೈಕಲ್ ಕಿರ್ ಕಿರ್ ಅನ್ನುತ್ತಿತ್ತು. ಏಣಿಯಕ್ಕ ಏನೋ ತಮಾಷೆ ಹೇಳಲು ಬಾಯಿ ತೆರೆದವಳು ಅವನ ಮುಖ ನೋಡಿದಳು.

"ದಿನಾನೂ?" ಅಂದಳು.

"ದಿನಾನೂ."

"ಮೊದಲಿಂದಾನಾ?"

ಯಾವ ಮೊದಲು ಎಂದು ಅವಳು ಬಿಡಿಸಿ ಹೇಳಲಿಲ್ಲ, ಅವನೂ ಕೇಳಲಿಲ್ಲ. "ಹೂಂ. ಮೂಟೆ ಹೊರ್ತಿದ್ದಾಗಿನಿಂದ," ಅಂದ.

ಅವಳು ಚಾಚಿದ ಕೈಯನ್ನು ಹಿಂದೆಗೆಯಲಿಲ್ಲ. "ಈಗ ಸರಿಯಾಗಿ ನೋಡು," ಅಂದಳು.

ಮಾಸ್ತರ ಎರಡು ಬೆರಳನ್ನು ಅವಳ ಮಣಿಕಟ್ಟಿನ ಮೇಲಿಟ್ಟ. ಹೊಸ ಚರ್ಮಕ್ಕೆ ಮುಟ್ಟಿದ್ದೆಲ್ಲ ಚುರುಗುಟ್ಟುತ್ತಿತ್ತು. ಮೊದಲು ಏನೂ ಸಿಗಲಿಲ್ಲ. ಸ್ವಲ್ಪ ಸರಿಸಿದ. ಸಿಕ್ಕಿತು. ಒಂದು ಬಡಿತ, ಬಿಡುವು, ಇನ್ನೊಂದು. ದಿನದ ಕೆಲಸ ಮುಗಿಸಿ ಮನೆಗೆ ನಡೆಯುವವರ ಹೆಜ್ಜೆಯಂತೆ, ಅವಸರವಿಲ್ಲದ್ದು.

"ಹೇಗಿದೆ?"

"ನಿಧಾನ. ತುಂಬ ಚೆನ್ನಾಗಿದೆ."

"ಆವತ್ತು ಬಸ್ಸಿನ ಕಟ್ಟೆ ಹತ್ತಿರ ನೋಡಿದ್ರೆ ಓಡ್ತಿತ್ತು ಕಣೋ," ಅಂದಳು ಏಣಿಯಕ್ಕ. ದೂರುವ ದನಿಯಲ್ಲ ಅದು. ಹಳೆಯ ಮಳೆಗಾಲವನ್ನು ನೆನೆದು ಹೇಳುವವರ ದನಿ.

ಅವಳೇ ಎದ್ದು, ಮಣಿಕಟ್ಟನ್ನು ಸೆರಗಿನಲ್ಲಿ ಒಮ್ಮೆ ಒರೆಸಿಕೊಂಡಳು. "ಏಣಿ ತಾ."

ಗೋದಾಮಿನ ಹಿಂದಿದ್ದ ಮರದ ಏಣಿಯನ್ನು ಮಾಸ್ತರ ತಂದು ಅಡ್ಡತೊಲೆಗೆ ಒರಗಿಸಿದ. ಮೇಲೆ, ಹಿಂದೆ ತಕ್ಕಡಿ ತೂಗುಹಾಕುತ್ತಿದ್ದ ಕೊಕ್ಕೆಯಲ್ಲಿ ಸೆಣಬಿನ ದಾರದ ತುಂಡೊಂದು ಇನ್ನೂ ನೇತಾಡುತ್ತಿತ್ತು. ಅವಳು ಕಾಲು ತಡವರಿಸದೆ ಹತ್ತಿದಳು. ಎಡಗೈಯಿಂದ ಮೆಟ್ಟಿಲು ಹಿಡಿದು ನೋವಿನ ಕೈಯನ್ನು ಎತ್ತಿದಳು. ಕಿವಿ ದಾಟಿತು. ಕೆಳಗಿನಿಂದ ನೋಡುತ್ತಿದ್ದ ಮಾಸ್ತರನಿಗೆ ಅವಳ ಹೆಗಲೆಲುಬು ರವಿಕೆಯೊಳಗೆ ಜಾರಿ, ತಿರುಗಿ, ಜಾಗ ಬಿಟ್ಟುಕೊಡುವುದು ಕಾಣುತ್ತಿತ್ತು. ಕೈ ನೆಟ್ಟಗೆ ಹೋಗಿ ಕೊಕ್ಕೆಗೆ ತಾಗಿತು. ಹಣ್ಣು ಕೀಳುವವರ ಹಾಗೆ ಮಣಿಕಟ್ಟು ತಿರುವಿ ಅವಳು ದಾರ ಕಿತ್ತಳು.

"ನಾಳೆ ಬೆಳಗಿನ ಬಸ್ಸಿಗೆ ಹೋಗ್ತೀನಿ," ಅಂದಳು ಮೇಲಿನಿಂದಲೇ.

"ಹೂಂ."

"ನಿನ್ನ ಬಾಕಿ ತೀರ್ತು ಬಿಡು, ಮೂಟೆ."

ಮಾಸ್ತರ ಮೇಲೆ ನೋಡಲಿಲ್ಲ. ಏಣಿಯ ಕಾಲಿಗೆ ತನ್ನ ಪಾದ ಒತ್ತಿಕೊಟ್ಟು ನಿಂತಿದ್ದ.

"ಇಳೀತೀನಿ. ಹಿಡ್ಕೊಂಡಿದ್ದೀಯಲ್ಲ?"

"ಹಿಡ್ಕೊಂಡಿದ್ದೀನಿ," ಅಂದ. "ನಿಧಾನಕ್ಕೆ ಇಳಿ."